ಮನೆಯಲ್ಲಿ ಮುದ್ರಿಸಿದ ಹಾಡಿನೊಳಗೆ ಗುಂಯ್ ಸದ್ದು, ಮಳೆಗಾಲದ ಚಟಪಟ, ಜೀರುಂಡೆ: ತೆಗೆಯುವುದು ಹೇಗೆ?

ಏಲಕ್ಕಿಗಿಡ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಸ್ವಲ್ಪ ಒಳಗಿರುವ ಹಳ್ಳಿಯೊಂದರಲ್ಲಿ ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಹಾಡುಗಾರಿಕೆಯೇ ಮುಖ್ಯ, ಕೆಲವರಿಗೆ ವೀಣೆಯನ್ನೂ ಕಲಿಸುತ್ತೇನೆ. ವರ್ಣ, ಕೃತಿಗಳನ್ನು ನಾನೇ ಹಾಡಿ ಮುದ್ರಿಸಿ ಕಳುಹಿಸಿದರೆ ಮಕ್ಕಳ ಸಾಧನೆಗೆ ಅನುಕೂಲವಾಗುತ್ತದೆಂದು ಒಂದು ಕಂಡೆನ್ಸರ್ ಮೈಕನ್ನೂ ಎರಡು ಚಾನೆಲ್ಲಿನ ಯುಎಸ್‌ಬಿ ಆಡಿಯೊ ಇಂಟರ್‌ಫೇಸನ್ನೂ (ಧ್ವನಿಯನ್ನು ಲ್ಯಾಪ್‌ಟಾಪಿಗೆ ಕೊಡುವ ಪೆಟ್ಟಿಗೆ) ತರಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ ತಂತ್ರಾಂಶದ ಮೂಲಕ ಮುದ್ರಿಸುತ್ತಿದ್ದೇನೆ. ಒಂದು ಚಾನೆಲ್ಲಿಗೆ ಮೈಕು, ಇನ್ನೊಂದಕ್ಕೆ ಎಲೆಕ್ಟ್ರಾನಿಕ್ ತಂಬೂರಿಯ ಲೈನ್ ಔಟ್. ನನ್ನದು ಐದರ ಶ್ರುತಿ. ಮನೆ ಹಳೆಯದು, ಹಂಚಿನದು; ಮುದ್ರಿಸುವುದು ಮಹಡಿಯಲ್ಲಿರುವ ಹಲಗೆ ನೆಲದ ಕೋಣೆಯಲ್ಲಿ.

ತೊಂದರೆ ಕೊಡುತ್ತಿರುವ ಸದ್ದುಗಳು ಮೂರು. ಹಾಡಿನ ಉದ್ದಕ್ಕೂ ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಸದ್ದೊಂದು ಬಿಡದೆ ಕೇಳುತ್ತದೆ, ಮತ್ತು ವಿಚಿತ್ರವೆಂದರೆ, ಮುದ್ರಿಸುವಾಗ ಸರಿಯಾಗಿಯೇ ಸೇರಿಸಿದ ತಂಬೂರಿಯು ಮುದ್ರಿಕೆಯಲ್ಲಿ ಕೇಳುವಾಗ ಸಣ್ಣಗೆ ಅಲುಗಾಡಿದಂತೆ ತೋರುತ್ತದೆ. ಎರಡನೆಯದು, ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಶುರುವಾದ ಚಟಪಟ ಸದ್ದು; ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ಮೂರನೆಯದು ಜೀರುಂಡೆ. ಹಗಲು ತೋಟದ ಕೆಲಸ ಮತ್ತು ಪಾಠ ಇರುವುದರಿಂದ ಸಂಜೆಯ ಮೇಲೆಯೇ ಮುದ್ರಿಸಬೇಕಾಗುತ್ತದೆ, ಆ ಹೊತ್ತಿಗೆ ಅವುಗಳ ಕಚೇರಿ ಕಾವೇರಿರುತ್ತದೆ.

ಅಡಾಸಿಟಿಯ ನಾಯ್ಸ್ ರಿಡಕ್ಷನ್ ಬಳಸಿದರೆ ಗುಂಯ್ ಸದ್ದು ಕಡಿಮೆಯಾಗುತ್ತದೆ, ಆದರೆ ಕಂಠವು ನೀರಿನೊಳಗಿಂದ ಬಂದಂತೆ ಆಗಿ, ತಂಬೂರಿ ತೆಳ್ಳಗಾಗಿ, ಗಮಕಗಳ, ಅಂದರೆ ಸ್ವರವನ್ನು ಓಲಾಡಿಸುವ ಬಳುಕುಗಳ, ತುದಿಗಳು ಕತ್ತರಿಸಿಹೋಗುತ್ತವೆ. ಗಮಕವನ್ನೇ ಕಲಿಸಬೇಕಾದ ಮುದ್ರಿಕೆಯಲ್ಲಿ ಗಮಕವೇ ಹೋದರೆ ಪ್ರಯೋಜನವಿಲ್ಲ. ಇವುಗಳಲ್ಲಿ ಯಾವುದನ್ನು ಮುದ್ರಿಸುವ ಮೊದಲೇ ಸರಿಪಡಿಸಬೇಕು, ಯಾವುದನ್ನು ಆಮೇಲೆ ತಂತ್ರಾಂಶದಲ್ಲಿ ತೆಗೆಯಬಹುದು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಮಂದ್ರಸ್ಥಾಯಿ, ಹಾಸನ

ಮೇಡಂ, ನಮಸ್ಕಾರ. ಮೂರರ ಪೈಕಿ ಮೊದಲನೆಯದರ ಬಗ್ಗೆ ಮಾತ್ರ ನಾನು ಅಧಿಕಾರದಿಂದ ಹೇಳಬಲ್ಲೆ, ಏಕೆಂದರೆ ವೈರಿಂಗ್ ನನ್ನ ವೃತ್ತಿ, ಸಂಗೀತ ಕೇಳುವುದು ಹವ್ಯಾಸ.

ನಿಮ್ಮ ತಂಬೂರಿ ಅಲುಗಾಡುವುದಕ್ಕೂ ಗುಂಯ್ ಸದ್ದಿಗೂ ನೇರ ಸಂಬಂಧವಿದೆ. ನಮ್ಮ ಮನೆಗಳಿಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್. ಅದು ಧ್ವನಿಯ ದಾರಿಯೊಳಗೆ ನುಸುಳಿದಾಗ 50 ಹರ್ಟ್ಸ್‌ನಲ್ಲಿ ಮಾತ್ರವಲ್ಲದೆ ಅದರ ಮಡಿಗಳಾದ 100, 150, 200 ಹರ್ಟ್ಸ್‌ಗಳಲ್ಲಿಯೂ ಕೇಳಿಸುತ್ತದೆ. ಸಣ್ಣ ಸ್ಪೀಕರುಗಳಲ್ಲಿ 50 ಕೇಳಿಸುವುದೇ ಇಲ್ಲ, ನಾವು ಗುಂಯ್ ಎಂದು ಗುರುತಿಸುವುದು ಹೆಚ್ಚಾಗಿ 100 ಮತ್ತು ಅದರ ಮೇಲಿನವುಗಳನ್ನೇ. ನೀವು ಹೇಳಿದ ಐದರ ಶ್ರುತಿ ಎಂದರೆ ಹಾರ್ಮೋನಿಯಂನ ಬಿಳಿ ಐದು, ಅದರ ಮಧ್ಯ ಷಡ್ಜ (ನಡುಸ್ಥಾಯಿಯ ಸ) 196 ಹರ್ಟ್ಸ್, ಮಂದ್ರ ಷಡ್ಜ (ಕೆಳಸ್ಥಾಯಿಯ ಸ) 98 ಹರ್ಟ್ಸ್. ಹಾಗಾಗಿ ನಿಮ್ಮ ಎರಡೂ ಷಡ್ಜಗಳ ಪಕ್ಕದಲ್ಲಿ, ಅರ್ಧ ಸ್ವರದ ಮೂರನೆಯ ಒಂದು ಪಾಲಿನಷ್ಟು ಮೇಲೆ, ವಿದ್ಯುತ್ತಿನ ಷಡ್ಜವೊಂದು ಸದಾ ನುಡಿಯುತ್ತಿದೆ. 98 ಮತ್ತು 100 ಒಟ್ಟಿಗೆ ನುಡಿದರೆ ಸೆಕೆಂಡಿಗೆ ಎರಡು ಸಲ, 196 ಮತ್ತು 200 ಒಟ್ಟಿಗೆ ನುಡಿದರೆ ಸೆಕೆಂಡಿಗೆ ನಾಲ್ಕು ಸಲ ಧ್ವನಿ ಏರಿಳಿಯುತ್ತದೆ. ನಿಮ್ಮ ಕಿವಿಗೆ ಬಿದ್ದಿರುವ ಅಲುಗಾಟ ಅದೇ.

ಇದೇ ಕಾರಣಕ್ಕೆ ಇದನ್ನು ತಂತ್ರಾಂಶಕ್ಕೆ ಬಿಡದೆ ಮೂಲದಲ್ಲಿಯೇ ನಿಲ್ಲಿಸಬೇಕು. 200 ಹರ್ಟ್ಸ್ ಅನ್ನು ಫಿಲ್ಟರಿನಿಂದ ಕೊರೆದು ತೆಗೆಯಲು ಹೋದರೆ ಫಿಲ್ಟರಿನ ಅಂಚು 196ಕ್ಕೂ ತಗಲುತ್ತದೆ, ಅಂದರೆ ನಿಮ್ಮ ಷಡ್ಜಕ್ಕೇ ಪೆಟ್ಟು.

ಮೂಲವನ್ನು ಹುಡುಕುವ ಕ್ರಮ ಹೀಗಿರಲಿ. ಹೆಡ್‌ಫೋನ್ ಹಾಕಿಕೊಂಡು, ಯಾರೂ ಹಾಡದೆ, ಮೈಕಿನ ಗೇಯ್ನ್ (ಧ್ವನಿ ಹಿಗ್ಗಿಸುವ) ತಿರುಪನ್ನು ಪೂರ್ತಿ ಇಳಿಸಿ ನೋಡಿ. ಸದ್ದು ತಗ್ಗಿದರೆ ಅದು ಮೈಕು ಅಥವಾ ಅದರ ಕೇಬಲ್ಲಿನ ದಾರಿಯಲ್ಲಿ ಬರುತ್ತಿದೆ. ತಗ್ಗದಿದ್ದರೆ ಬೇರೆ ಕಡೆಯಿಂದ. ನಂತರ ತಂಬೂರಿಯ ಕೇಬಲ್ಲನ್ನು ಇಂಟರ್‌ಫೇಸಿನಿಂದ ಕಳಚಿ ಕೇಳಿ. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು, ಬ್ಯಾಟರಿಯ ಮೇಲೆ ಮಾತ್ರ ನಡೆಸಿ ಕೇಳಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ತೆಗೆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ನನ್ನ ಅನುಮಾನ ತಂಬೂರಿಯ ಮೇಲೆ. ಅದರ ಅಡಾಪ್ಟರ್ ಒಂದು ಪ್ಲಗ್ಗಿನಲ್ಲಿ, ಲ್ಯಾಪ್‌ಟಾಪಿನ ಚಾರ್ಜರ್ ಇನ್ನೊಂದರಲ್ಲಿ. ಎರಡೂ ಕರೆಂಟಿನ ಕಡೆಯಿಂದ ಒಂದಕ್ಕೊಂದು ಸೇರಿವೆ, ಇತ್ತ ಇಂಟರ್‌ಫೇಸಿನ ಕಡೆಯಿಂದಲೂ ಕೇಬಲ್ಲಿನ ಹೊರಜಾಲರಿಯ ಮೂಲಕ ಸೇರಿವೆ. ಹೀಗೆ ಒಂದು ಸುತ್ತು ಪೂರ್ಣವಾದಾಗ ಅಡಾಪ್ಟರುಗಳಿಂದ ಸೋರುವ ಸಣ್ಣ ಕರೆಂಟು ಆ ಜಾಲರಿಯಲ್ಲಿ ಹರಿದು ಧ್ವನಿಯೊಂದಿಗೆ ಬೆರೆಯುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ತಂಬೂರಿಯನ್ನು ಬ್ಯಾಟರಿಯಲ್ಲಿ ನಡೆಸಿದರೆ ಸುತ್ತು ತುಂಡಾಗುತ್ತದೆ. ಬ್ಯಾಟರಿಗೆ ಅವಕಾಶವಿಲ್ಲದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಧ್ವನಿಯನ್ನು ಮಾತ್ರ ದಾಟಿಸಿ ಎರಡು ಕಡೆಯ ತಂತಿಗಳನ್ನು ಬೇರ್ಪಡಿಸುವ ಪೆಟ್ಟಿಗೆ) ಹಾಕಬಹುದು. ಅದೂ ಬೇಡವೆಂದರೆ ಎಲ್ಲ ಪ್ಲಗ್ಗುಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಸುತ್ತು ಚಿಕ್ಕದಾದಷ್ಟೂ ಸದ್ದು ಚಿಕ್ಕದು.

ಇನ್ನು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವುದರಿಂದ ಜುಂಯ್ ಎನ್ನುವ ಚೂಪಾದ ಸದ್ದನ್ನು ಸೇರಿಸುತ್ತದೆ. ನಿಮ್ಮ ಊರಿನ ಹವೆಯಲ್ಲಿ ಫ್ಯಾನ್ ಆರಿಸಲು ಕಷ್ಟವಾಗಲಾರದು. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಮುದ್ರಿಸಬೇಡಿ, ಮಡಿಗಳ ಸಾಲು ಇನ್ನೂ ಉದ್ದವಾಗುತ್ತದೆ. ಮಹಡಿಯ ಹಲಗೆ ನೆಲದ ಮೇಲೆ ಓಡಾಡುವ ಹೆಜ್ಜೆಯ ಸದ್ದು ಮೈಕಿನ ಸ್ಟ್ಯಾಂಡ್ ಹತ್ತುತ್ತಿದ್ದರೆ ಎಲ್ಲಕ್ಕೂ 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಕಂಪನಗಳನ್ನು ತಗ್ಗಿಸುವುದು) ಹಾಕಿಬಿಡಿ.

ಒಂದು ಎಚ್ಚರಿಕೆ. ಗುಂಯ್ ಸದ್ದು ಹೋಗಬೇಕೆಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವಂತೆ, ಇಲ್ಲವೇ ಅದಕ್ಕೆ ಟೇಪ್ ಸುತ್ತುವಂತೆ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಸದ್ದು ಹೋಗಬಹುದು, ಆದರೆ ಉಪಕರಣದ ಒಳಗೆ ವೈರು ಬಿಟ್ಟುಕೊಂಡ ದಿನ ಲೋಹದ ಮೈಕನ್ನು ತುಟಿಯ ಹತ್ತಿರ ಹಿಡಿದವರ ಗತಿ ಏನೆಂದು ಯೋಚಿಸಿ.

ತೋಟದಮನೆ, ಕೊಪ್ಪ

ಮಳೆಗಾಲದ ಚಟಪಟ ನಮ್ಮ ಕಡೆಯವರಿಗೆ ಹಳೆಯ ಪರಿಚಯ. ಕಂಡೆನ್ಸರ್ ಮೈಕಿನೊಳಗೆ ಲೋಹದ ಲೇಪವಿರುವ ಬಹಳ ತೆಳುವಾದ ಪೊರೆಯೊಂದಿದ್ದು, ಅದರ ಮತ್ತು ಹಿಂದಿನ ತಟ್ಟೆಯ ನಡುವೆ ಕೂದಲೆಳೆಯಷ್ಟು ಸಂದಿಯಿರುತ್ತದೆ. ಆ ಸಂದಿಯಲ್ಲಿ ವಿದ್ಯುದಂಶ ನಿಂತಿರಬೇಕು. ಗಾಳಿಯ ತೇವ ಅಲ್ಲಿ ಕುಳಿತಾಗ ವಿದ್ಯುದಂಶ ಒಂದೇ ಸಮನೆ ನಿಲ್ಲದೆ ಸೋರತೊಡಗುತ್ತದೆ, ಆ ಸೋರಿಕೆಯೇ ನಮಗೆ ಚಟಪಟ ಎಂದು ಕೇಳುತ್ತದೆ. ಧೂಳು ಕುಳಿತ ಮೈಕು ತೇವವನ್ನು ಇನ್ನೂ ಬೇಗ ಹಿಡಿದುಕೊಳ್ಳುತ್ತದೆ.

ಆದರೆ ಮೈಕಿನ ಮೇಲೆ ದೂರು ಹೊರಿಸುವ ಮೊದಲು ಬೇರೆ ಎರಡು ಸಾಧ್ಯತೆಗಳನ್ನು ಬಿಡಿಸಿಕೊಳ್ಳಬೇಕು. ಕೇಬಲ್ಲನ್ನು ಎರಡೂ ತುದಿಗಳಲ್ಲಿ ಮೆಲ್ಲಗೆ ಅಲುಗಿಸಿದಾಗ ಸದ್ದು ಬಂದರೆ ಅದು ಜಾಕಿನ ಕಿಲುಬು ಅಥವಾ ಬಿಟ್ಟುಹೋದ ಬೆಸುಗೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒರೆಸಬೇಕು, ಇಲ್ಲವೇ ಕೇಬಲ್ ಬದಲಿಸಬೇಕು. ಎರಡನೆಯದು ಲ್ಯಾಪ್‌ಟಾಪಿನದು: ಬಫರ್ (ಧ್ವನಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ತೀರಾ ಚಿಕ್ಕದಿದ್ದು ಯಂತ್ರವು ಸಮಯಕ್ಕೆ ಸರಿಯಾಗಿ ಧ್ವನಿಯನ್ನು ತೆಗೆದುಕೊಳ್ಳಲಾರದೆ ಹೋದರೆ ಅಲ್ಲಲ್ಲಿ ಟಿಕ್ ಎಂದು ಕಡಿದುಹೋಗುತ್ತದೆ. ಅಡಾಸಿಟಿಯಲ್ಲಿ ಆ ಜಾಗವನ್ನು ಚೆನ್ನಾಗಿ ಹಿಗ್ಗಿಸಿ ನೋಡಿದರೆ ಅಲೆಯ ಗೆರೆ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಜಿಗಿದಿರುವುದು ಕಾಣುತ್ತದೆ. ಬಫರನ್ನು 128ರಿಂದ 512 ಸ್ಯಾಂಪಲ್ಲಿಗೆ ಏರಿಸಿ, ವೈಫೈ ಆರಿಸಿದರೆ ಅದು ಹೋಗುತ್ತದೆ. ತೇವದ ಸದ್ದಿಗೆ ಅಂಥ ಆಕಾರವಿಲ್ಲ, ಅದು ಗುಂಪುಗುಂಪಾಗಿ ಬರುತ್ತದೆ, ಮೈಕು ಬೆಚ್ಚಗಾದಂತೆ ಕಡಿಮೆಯಾಗುತ್ತದೆ. ನಿಮ್ಮ ವಿವರಣೆ ನೋಡಿದರೆ ಇದು ತೇವವೇ.

ಪರಿಹಾರ ಕಷ್ಟದ್ದಲ್ಲ. ಮೈಕನ್ನು ಸ್ಟ್ಯಾಂಡಿನ ಮೇಲೆ ಬಿಟ್ಟಿರದೆ, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಇಡಿ. ಬಣ್ಣ ಬದಲಾಗುವ ಜಾತಿಯ ಹರಳುಗಳಾದರೆ ಯಾವಾಗ ತೇವ ತುಂಬಿತೆಂದು ಕಣ್ಣಿಗೇ ಕಾಣುತ್ತದೆ; ಆ ಹರಳುಗಳನ್ನು ಹೊರತೆಗೆದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿಸಿ ಮತ್ತೆ ಬಳಸಬಹುದು, ಆದರೆ ಆ ಬಾಣಲೆಯನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಬೇಡಿ. ಮೈಕನ್ನು ಮಾತ್ರ ಎಂದಿಗೂ ಒಲೆಯ ಹತ್ತಿರ ಅಥವಾ ಹೇರ್ ಡ್ರೈಯರಿನ ಮುಂದೆ ಹಿಡಿಯಬಾರದು. ಮುದ್ರಿಸುವುದಕ್ಕೆ ಅರ್ಧ ಗಂಟೆ ಮೊದಲೇ ಹೊರತೆಗೆದು, 48 ವೋಲ್ಟಿನ ಫ್ಯಾಂಟಮ್ ಪವರ್ (ಇಂಟರ್‌ಫೇಸಿನಿಂದ ಕೇಬಲ್ಲಿನ ಮೂಲಕ ಮೈಕಿಗೆ ಹೋಗುವ ವಿದ್ಯುತ್ತು) ಹಾಕಿಟ್ಟರೆ ಒಳಗಿನ ಸಣ್ಣ ಕಾವಿಗೆ ಉಳಿದ ತೇವವೂ ಆರುತ್ತದೆ. ಹಾಡುವವರ ಉಸಿರೂ ತೇವವೇ ಆದ್ದರಿಂದ ಪಾಪ್ ಫಿಲ್ಟರ್ (ಬಾಯಿ ಮತ್ತು ಮೈಕಿನ ನಡುವಿನ ತೆಳು ಪರದೆ) ಇರಲಿ. ಪ, ಭ ಅಕ್ಷರಗಳ ಊದು ತಪ್ಪುವುದು ಅದರ ಇನ್ನೊಂದು ಲಾಭ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಾನು ಕಂಡೆನ್ಸರನ್ನು ಡಬ್ಬಿಯಲ್ಲೇ ಬಿಟ್ಟು ಡೈನಮಿಕ್ ಮೈಕಿನಲ್ಲಿ ಮುದ್ರಿಸುತ್ತೇನೆ. ಅದಕ್ಕೆ ತೇವದ ಹೆದರಿಕೆ ಕಡಿಮೆ. ಹತ್ತಿರ ಹಾಡಬೇಕು, ಗೇಯ್ನ್ ಹೆಚ್ಚು ಬೇಕು ಎನ್ನುವುದಷ್ಟೇ ಕೊರತೆ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತ್ರ ಯಾವ ಮೈಕಿನಲ್ಲೂ ಔಷಧವಿಲ್ಲ. ಅದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಗಳಲ್ಲಿಯೂ ಹರಡಿಕೊಂಡಿರುವುದರಿಂದ ಬಿಡುವು ಕೊಡುವವರೆಗೆ ಕಾಯುವುದೇ ದಾರಿ.

ಜೀರುಂಡೆಗೆ ಬರೋಣ. ಅವುಗಳ ಸದ್ದು ಸಾಮಾನ್ಯವಾಗಿ 4,000 ಹರ್ಟ್ಸ್‌ನಿಂದ ಮೇಲಕ್ಕಿರುತ್ತದೆ, ಕಂಠದ ಅಕ್ಷರಶುದ್ಧಿ ಇರುವುದೂ ಅದರ ಆಸುಪಾಸಿನಲ್ಲಿಯೇ. ತೆಗೆಯುವುದಕ್ಕಿಂತ ಒಳಗೆ ಬಿಡದಿರುವುದು ಸುಲಭ. ನಿಮ್ಮ ಮೈಕು ಕಾರ್ಡಿಯಾಯ್ಡ್ ಆಗಿದ್ದರೆ ಅದು ನೇರ ಹಿಂದಿನಿಂದ ಬರುವ ಸದ್ದಿಗೆ ಬಹುಪಾಲು ಕಿವುಡು. ಹಾಗಾಗಿ ಮೈಕಿನ ಬೆನ್ನು ಕಿಟಕಿಯ ಕಡೆಗಿರಬೇಕು, ಹಾಡುವವರ ಬೆನ್ನಿಗೆ ಗೋಡೆಯಿರಬೇಕು. ಆ ಗೋಡೆಗೆ ಕಂಬಳಿಯನ್ನೋ ಕೌದಿಯನ್ನೋ ಮಡಿಸಿ ನೇತುಹಾಕಿದರೆ ಕಿಟಕಿಯಿಂದ ಬಂದ ಸದ್ದು ಗೋಡೆಗೆ ಬಡಿದು ಮೈಕಿನ ಮುಖಕ್ಕೆ ಬರುವುದೂ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು ದೂರ. ಈಗ 60 ಸೆಂಟಿಮೀಟರ್ ದೂರದಿಂದ ಹಾಡುತ್ತಿದ್ದರೆ 30ಕ್ಕೆ ಬನ್ನಿ, ಕಂಠ 6 ಡೆಸಿಬಲ್ ಏರುತ್ತದೆ, ಅಷ್ಟೇ ಗೇಯ್ನ್ ಇಳಿಸಿದರೆ ಜೀರುಂಡೆಯೂ ಕೋಣೆಯ ಉಳಿದ ಸದ್ದುಗಳೂ 6 ಡೆಸಿಬಲ್ ಹಿಂದೆ ಸರಿಯುತ್ತವೆ. 15 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಮಂದ್ರ ಉಬ್ಬಿಕೊಳ್ಳುತ್ತದೆ, ಅಷ್ಟು ಬೇಡ. ಮೊಟ್ಟೆಯ ತಟ್ಟೆಗಳನ್ನು ಕಿಟಕಿಗೆ ಅಂಟಿಸುವವರಿದ್ದಾರೆ. ಅವು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಸದ್ದು ಬರುವುದು ಸಂದಿಗಳಿಂದ, ಆದ್ದರಿಂದ ಬಾಗಿಲಿನ ಕೆಳಗಿನ ಸಂದಿಗೂ ಕಿಟಕಿಯ ಚೌಕಟ್ಟಿಗೂ ರಬ್ಬರ್ ಪಟ್ಟಿ ಹಾಕಿಸಿ.

ಸಂಜೆಯ ಬದಲು ಬೆಳಗಿನ ಜಾವ ಸಾಧ್ಯವೇ ಎಂದೂ ಯೋಚಿಸಿ. ನಮ್ಮಲ್ಲಿ ನವೆಂಬರಿನಿಂದ ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು, ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವು ಅರಳಲು ಕೊಡುವ ನೀರಿಗೆ ಸ್ಪ್ರಿಂಕ್ಲರಿನ ಡೀಸೆಲ್ ಪಂಪು. ವರ್ಷದ ಹೆಚ್ಚಿನ ಕಾಲ ನಮ್ಮ ಕಡೆ ನಿಶ್ಶಬ್ದವಾಗಿರುವುದು ಹಕ್ಕಿಗಳು ಏಳುವ ಮೊದಲಿನ ಹೊತ್ತೊಂದೇ.

ಏಲಕ್ಕಿಗಿಡ, ಮೂಡಿಗೆರೆ

ಇಬ್ಬರಿಗೂ ಅನಂತ ಧನ್ಯವಾದಗಳು. ನಿನ್ನೆ ಸಂಜೆ ಹೇಳಿದ ಕ್ರಮದಲ್ಲಿಯೇ ನೋಡಿದೆ. ತಂಬೂರಿಯ ಕೇಬಲ್ ಕಳಚಿದ ಕೂಡಲೇ ಗುಂಯ್ ಸದ್ದು ಬಹುಮಟ್ಟಿಗೆ ನಿಂತಿತು, ಲ್ಯಾಪ್‌ಟಾಪಿನ ಚಾರ್ಜರನ್ನೂ ತೆಗೆದಾಗ ಉಳಿದ ಸ್ವಲ್ಪವೂ ಹೋಯಿತು. ಇನ್ನು ಮುಂದೆ ತಂಬೂರಿಯನ್ನು ಬ್ಯಾಟರಿಯ ಮೇಲೆಯೇ ಇಡುತ್ತೇನೆ. ಮೈಕು ಈಗ ಡಬ್ಬಿಯೊಳಗೆ ಕುಳಿತಿದೆ.

ಎರಡು ವಿಷಯಗಳು ಉಳಿದವು. ಈಗಾಗಲೇ ಮುದ್ರಿಸಿಟ್ಟ ಪಾಠಗಳು ಸಾಕಷ್ಟಿವೆ, ಕೆಲವು ವಿದ್ಯಾರ್ಥಿಗಳೇ ಹಾಡಿದವು, ಅವರು ಓದಿಗೆಂದು ಬೇರೆ ಊರುಗಳಿಗೆ ಹೋಗಿರುವುದರಿಂದ ಮತ್ತೆ ಹಾಡಿಸಲು ಆಗುವುದಿಲ್ಲ. ಅವುಗಳನ್ನು ತಂತ್ರಾಂಶದಲ್ಲಿ ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬಹುದು? ಇನ್ನೊಂದು, ಮಾರ್ಚ್, ಏಪ್ರಿಲ್‌ನಲ್ಲಿ ಮುದ್ರಿಸಿದವುಗಳಲ್ಲಿ ಗುಂಯ್ ಸದ್ದು ಈಗಿನದಕ್ಕಿಂತ ಜೋರಾಗಿದೆ. ಉಪಕರಣಗಳು ಅವೇ, ಕೋಣೆಯೂ ಅದೇ, ಹೀಗೇಕೆ?

ನಿಧಾನಗತಿ, ಚಿಕ್ಕಮಗಳೂರು

ಮೇಡಂ, ಹಳೆಯ ಮುದ್ರಿಕೆಗಳ ವಿಷಯದಲ್ಲಿ ನಿಮಗೆ ತಿಳಿಯದಂತೆಯೇ ಒಂದು ಅನುಕೂಲ ಆಗಿದೆ. ಕಂಠ ಒಂದು ಚಾನೆಲ್ಲಿನಲ್ಲಿ, ತಂಬೂರಿ ಇನ್ನೊಂದರಲ್ಲಿ ಇವೆಯಲ್ಲ. ಗುಂಯ್ ಸದ್ದಿನ ಬಹುಭಾಗ ಬಂದಿರುವುದು ತಂಬೂರಿಯ ಕೇಬಲ್ಲಿನಿಂದ ಎಂದು ಈಗ ಖಚಿತವಾಗಿದೆ. ಹಾಗಿದ್ದರೆ ಅದನ್ನು ಶುದ್ಧಗೊಳಿಸುವ ಗೋಜಿಗೇ ಹೋಗಬೇಕಿಲ್ಲ. ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಟ್ರ್ಯಾಕುಗಳಾಗಿ ಒಡೆದು, ತಂಬೂರಿಯ ಟ್ರ್ಯಾಕನ್ನು ಪೂರ್ತಿ ತೆಗೆದುಹಾಕಿ, ಬ್ಯಾಟರಿಯ ಮೇಲೆ ಹೊಸದಾಗಿ ಮುದ್ರಿಸಿದ ತಂಬೂರಿಯನ್ನು ಆ ಜಾಗದಲ್ಲಿ ಕೂರಿಸಿ.

ಇದರಲ್ಲಿ ಜಾಗ್ರತೆ ಬೇಕಾದದ್ದು ಶ್ರುತಿಯಲ್ಲಿ. ಅಂದು ತಂಬೂರಿಯ ತಿರುಪು ಎಲ್ಲಿತ್ತೋ ಇಂದು ಅಲ್ಲಿಯೇ ಇರಲಾರದು, 196 ಎಂದು ಲೆಕ್ಕದಲ್ಲಿ ಹೇಳಿದರೂ ಅಂದಿನದು 195 ಆಗಿರಬಹುದು, 197 ಆಗಿರಬಹುದು. ಹಳೆಯ ತಂಬೂರಿಯ ಟ್ರ್ಯಾಕನ್ನು ಅಳಿಸುವ ಮೊದಲು ಅದರ ಉದ್ದನೆಯ ಭಾಗವೊಂದನ್ನು ಆಯ್ದುಕೊಂಡು ಅಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ (ಯಾವ ಕಂಪನ ಎಷ್ಟಿದೆಯೆಂದು ತೋರಿಸುವ ನಕ್ಷೆ) ಷಡ್ಜದ ಶಿಖರ ಎಲ್ಲಿದೆಯೆಂದು ನೋಡಿ, ಗಾತ್ರವನ್ನು ದೊಡ್ಡದಾಗಿ ಇಟ್ಟುಕೊಂಡರೆ ಓದು ನಿಖರವಾಗುತ್ತದೆ. ಹೊಸ ತಂಬೂರಿಯನ್ನು ಅದಕ್ಕೆ ಹೊಂದಿಸಿ. ಕೊನೆಯ ತೀರ್ಪು ಕಿವಿಯದೇ: ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಡಿಸಿ, ಅಲುಗಾಟ ಪೂರ್ತಿ ನಿಲ್ಲುವವರೆಗೆ ತಿರುಪನ್ನು ಸರಿಪಡಿಸಿ, ಆಮೇಲೆ ಹಳೆಯದನ್ನು ಅಳಿಸಿ. ಮುದ್ರಿಸುವಾಗ ತಂಬೂರಿಯ ಸ್ವಂತ ಸ್ಪೀಕರೂ ನುಡಿಯುತ್ತಿದ್ದರೆ ಅದರ ಛಾಯೆ ಮೈಕಿನ ಟ್ರ್ಯಾಕಿನಲ್ಲಿ ಉಳಿದಿರುತ್ತದೆ, ಆದ್ದರಿಂದ ಈ ಹೊಂದಾಣಿಕೆ ಇನ್ನೂ ಬಿಗಿಯಾಗಿರಬೇಕು. ಮುಂದಿನ ಮುದ್ರಣಗಳಲ್ಲಿ ತಂಬೂರಿಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿದರೆ ಈ ತಾಪತ್ರಯವೇ ಇರುವುದಿಲ್ಲ. ಒಂದು ಕಿವಿಯನ್ನು ತೆರೆದಿಟ್ಟುಕೊಂಡರೆ ಸ್ವಂತ ಧ್ವನಿಯೂ ಸರಿಯಾಗಿ ಕೇಳುತ್ತದೆ.

ಕಂಠದ ಟ್ರ್ಯಾಕಿನಲ್ಲಿ ಉಳಿದಿರುವ ಗುಂಯ್ ಸದ್ದಿಗೆ ಮೊದಲು ಹೈಪಾಸ್ ಫಿಲ್ಟರ್. ಇಲ್ಲಿ ಮಂದ್ರಸ್ಥಾಯಿಯವರ ಮಾತಿಗೆ ನನ್ನ ಒಂದು ತಕರಾರು ಇದೆ. ಎಲ್ಲಕ್ಕೂ 80 ಹರ್ಟ್ಸ್ ಎಂದು ಒಂದೇ ಅಳತೆ ಹಾಕುವಂತಿಲ್ಲ. ಐದರ ಶ್ರುತಿಯ ಹಾಡುಗಾರಿಕೆಯಲ್ಲಿ ಮಂದ್ರ ಪಂಚಮಕ್ಕೆ (ಕೆಳಸ್ಥಾಯಿಯ ಪ) ಇಳಿದರೂ ಅದು ಸುಮಾರು 147 ಹರ್ಟ್ಸ್. ಆದ್ದರಿಂದ ಕಂಠಕ್ಕೆ ಧೈರ್ಯವಾಗಿ 100 ಹರ್ಟ್ಸ್, ಆಕ್ಟೇವಿಗೆ 24 ಡೆಸಿಬಲ್ ಎಂದು ಹಾಕಬಹುದು, 50 ಹರ್ಟ್ಸ್ ಅಲ್ಲಿಗೆ ನಿರ್ನಾಮವಾಗುತ್ತದೆ, ಹೆಜ್ಜೆಯ ಸದ್ದೂ ಹೋಗುತ್ತದೆ. ಆದರೆ ವೀಣೆಯನ್ನು ಮೂರರ ಶ್ರುತಿಗೆ ಕಟ್ಟಿದರೆ ಮಂದ್ರ ಷಡ್ಜದ ತಂತಿ ಸುಮಾರು 82 ಹರ್ಟ್ಸ್, ಅನುಮಂದ್ರ ಪಂಚಮದ ತಂತಿ ಸುಮಾರು 62. ಅಲ್ಲಿ 80ರ ಫಿಲ್ಟರ್ ಹಾಕಿದರೆ ವೀಣೆಯ ಗಾಂಭೀರ್ಯವೇ ಹೋಗುತ್ತದೆ. ವೀಣೆಗೆ 40ಕ್ಕಿಂತ ಮೇಲೆ ಹೋಗಬೇಡಿ, ಹೆಜ್ಜೆಯ ಸದ್ದಿಗೆ ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ, ಮನೆಯವರಿಗೆ ಸ್ವಲ್ಪ ಹೊತ್ತು ಕುಳಿತಿರಲು ಹೇಳಿ.

ನಂತರ ಕಂಪನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಹೋಗಿ. ಗುಂಯ್ ಸದ್ದು ಕೆಳಗೆ ಸಮಾನ ಅಂತರದ ಅಡ್ಡಗೆರೆಗಳಾಗಿ ಕಾಣುತ್ತದೆ, ಜೀರುಂಡೆ ಮೇಲೆ ತುಂಡುತುಂಡು ಪಟ್ಟಿಯಾಗಿ. ನಾಚ್ ಫಿಲ್ಟರನ್ನು (ಒಂದೇ ಕಂಪನವನ್ನು ಕೊರೆದು ತೆಗೆಯುವುದು) 150, 250, 350ರಂಥ ಕಡೆ ಕಿರಿದಾಗಿ ಹಾಕಬಹುದು, ಆದರೂ ಐದರ ಶ್ರುತಿಯ ಪಂಚಮ 147ರಲ್ಲಿದೆ ಎಂಬುದನ್ನು ಮರೆಯದೆ 150ರಲ್ಲಿ ಕೇಳಿ ನೋಡಿ ನಿರ್ಧರಿಸಿ. 200ನ್ನು ಮುಟ್ಟಬೇಡಿ. ಜನರೇಟರಿನ ಮೇಲೆ ಮುದ್ರಿಸಿದವು ಏನಾದರೂ ಇದ್ದರೆ ಅವುಗಳಲ್ಲಿ ಗೆರೆ ಸರಿಯಾಗಿ 50ರಲ್ಲಿ ಇರುವುದಿಲ್ಲ, ಎಂಜಿನ್ನಿನ ವೇಗದೊಂದಿಗೆ ಅತ್ತಿತ್ತ ಸರಿಯುತ್ತಿರುತ್ತದೆ, ಅಲ್ಲಿ ಕಿರಿದಾದ ಫಿಲ್ಟರ್ ಕೆಲಸಕ್ಕೆ ಬಾರದು.

ತೇವದ ಚಟಪಟಕ್ಕೆ ಕ್ಲಿಕ್ ರಿಮೂವಲ್ ಇದೆ, ಆದರೆ ಅದನ್ನು ಇಡೀ ಹಾಡಿನ ಮೇಲೆ ಓಡಿಸಿದರೆ ವ್ಯಂಜನಗಳ ಅಂಚನ್ನೂ ವೀಣೆಯ ಮೀಟಿನ ಮೊದಲ ತುದಿಯನ್ನೂ ಚಟಪಟವೆಂದೇ ತಿಳಿದು ಸವರಿಬಿಡುತ್ತದೆ. ಹಾಡು ನಿಂತ ಜಾಗಗಳಲ್ಲಿ, ದೀರ್ಘ ಸ್ವರಗಳ ನಡುವೆ ಕೇಳುವುದನ್ನು ಮಾತ್ರ ಒಂದೊಂದಾಗಿ ಆಯ್ದು ರಿಪೇರ್ ಮಾಡಿ. ಅದು 128 ಸ್ಯಾಂಪಲ್ಲುಗಳಷ್ಟು ಚಿಕ್ಕ ತುಣುಕಿನ ಮೇಲೆ ಮಾತ್ರ ನಡೆಯುತ್ತದೆ, ಸುತ್ತಲಿನ ಅಲೆಯನ್ನು ನೋಡಿ ನಡುವಿನದನ್ನು ತುಂಬುತ್ತದೆ. ಬೇಸರದ ಕೆಲಸ, ಆದರೆ ಬೇರೆ ಯಾವುದಕ್ಕಿಂತಲೂ ಚೊಕ್ಕ.

ನಾಯ್ಸ್ ರಿಡಕ್ಷನ್ ನಿಮ್ಮಲ್ಲಿ ಏಕೆ ಕೆಟ್ಟಿತು ಎನ್ನುವುದು ಅದು ಕೆಲಸ ಮಾಡುವ ರೀತಿಯಲ್ಲಿಯೇ ಇದೆ. ನೀವು ತೋರಿಸಿದ ಮಾದರಿಯಲ್ಲಿ ಯಾವ ಕಂಪನ ಎಷ್ಟು ಜೋರಾಗಿದೆಯೆಂದು ಅದು ಕಲಿತುಕೊಂಡು, ಹಾಡಿನಲ್ಲಿ ಆ ಮಟ್ಟಕ್ಕಿಂತ ಕೆಳಗಿರುವುದನ್ನೆಲ್ಲ ತಗ್ಗಿಸುತ್ತದೆ. ಹಾಡು ಶುರುವಾಗುವ ಮೊದಲಿನ ಭಾಗವನ್ನು ಮಾದರಿಯಾಗಿ ಕೊಟ್ಟಿದ್ದರೆ ಅಲ್ಲಿ ತಂಬೂರಿ ನುಡಿಯುತ್ತಿರುತ್ತದೆ, ಎಡೆಬಿಡದೆ ನುಡಿಯುವ ತಂಬೂರಿಗಿಂತ ಹೆಚ್ಚು ಗದ್ದಲದಂತೆ ಕಾಣುವ ವಸ್ತು ಅದಕ್ಕೆ ಬೇರೊಂದಿಲ್ಲ. ತಂಬೂರಿಯ ಕಂಪನಗಳೊಂದಿಗೆ ಅದೇ ಜಾಗದಲ್ಲಿರುವ ಷಡ್ಜ ಪಂಚಮಗಳ ಮೆಲುದನಿಯೂ, ಗಮಕ ಕರಗುವ ತುದಿಯೂ ಹೋಗುತ್ತವೆ. ನೀರಿನೊಳಗಿನ ಸದ್ದು ಎಂದಿರಲ್ಲ, ಅದು ಅಲ್ಲೊಂದು ಇಲ್ಲೊಂದು ಕಂಪನ ಮಿನುಗಿ ಆರುವುದರಿಂದ ಬರುವುದು. ತಂಬೂರಿಯನ್ನು ಬೇರ್ಪಡಿಸಿದ ಕಂಠದ ಟ್ರ್ಯಾಕಿನ ಮೇಲೆ, ತಂಬೂರಿಯೂ ಇಲ್ಲದ ಬರಿಯ ಕೋಣೆಯ ಸದ್ದನ್ನು ಮಾದರಿಯಾಗಿ ಕೊಟ್ಟು, 6 ಡೆಸಿಬಲ್ಲಿಗಿಂತ ಹೆಚ್ಚು ತಗ್ಗಿಸದಂತೆ ಮಾಡಿ ನೋಡಿ. ಅದರಲ್ಲಿ ರೆಸಿಡ್ಯೂ ಎಂಬ ಆಯ್ಕೆಯಿದೆ, ಅದನ್ನು ಒತ್ತಿದರೆ ಏನನ್ನು ತೆಗೆಯಲಾಗುತ್ತಿದೆ ಎಂಬುದು ಮಾತ್ರ ಕೇಳುತ್ತದೆ. ಆ ತ್ಯಾಜ್ಯದಲ್ಲಿ ಸಾಹಿತ್ಯದ ಅಕ್ಷರವಾಗಲಿ ಗಮಕದ ನೆರಳಾಗಲಿ ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನು ಮುಂದೆ ಪ್ರತಿ ಮುದ್ರಣದ ಆರಂಭದಲ್ಲಿ ತಂಬೂರಿ ಹಾಕುವ ಮೊದಲು ಹತ್ತು ಸೆಕೆಂಡು ಸುಮ್ಮನಿರುವ ಅಭ್ಯಾಸ ಇಟ್ಟುಕೊಳ್ಳಿ, ಆ ಹತ್ತು ಸೆಕೆಂಡೇ ಮಾದರಿ. ಕಂಪ್ರೆಸರ್ (ಜೋರು, ಮೆಲು ಧ್ವನಿಗಳ ಅಂತರ ತಗ್ಗಿಸುವುದು) ಹಾಕುವುದಿದ್ದರೆ ಇದೆಲ್ಲ ಮುಗಿದ ಮೇಲೆ. ಮೊದಲೇ ಹಾಕಿದರೆ ಅಡಗಿದ್ದ ಗದ್ದಲವೆಲ್ಲ ಮೇಲೆದ್ದು ಬರುತ್ತದೆ.

ಜೀರುಂಡೆಯನ್ನು ಹಳೆಯ ಮುದ್ರಿಕೆಗಳಲ್ಲಿ ಹಾಗೆಯೇ ಬಿಡುವುದು ನನ್ನ ಅಭಿಪ್ರಾಯ. ಒಂದೇ ಗೆರೆಯಾಗಿದ್ದರೆ ಕಿರಿದಾಗಿ ತೆಗೆಯಬಹುದು, ಗುಂಪಾಗಿದ್ದರೆ ತೆಗೆಯುವಾಗ ಸ, ಶ ಅಕ್ಷರಗಳೂ ಹೋಗುತ್ತವೆ. ಹಾಡಿನ ನಡುನಡುವೆ ನಿಂತಲ್ಲಿ ಮಾತ್ರ ಅದನ್ನು ಪೂರ್ತಿ ಮೌನಗೊಳಿಸುವ ಗೇಟ್ ಹಾಕುವವರಿದ್ದಾರೆ. ಆಗ ಹಾಡು ಶುರುವಾದಾಗಲೆಲ್ಲ ಜೀರುಂಡೆಯೂ ಶುರುವಾಗಿ, ಮೊದಲು ಗಮನಕ್ಕೆ ಬಾರದಿದ್ದದ್ದೂ ಬರುತ್ತದೆ. ಒಂದೇ ಸಮನೆ ಇರುವ ಸಣ್ಣ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಬಂದು ಹೋಗುವುದನ್ನು ಮರೆಯುವುದಿಲ್ಲ.

ಮಂದ್ರಸ್ಥಾಯಿ, ಹಾಸನ

ವೀಣೆಯ ತಂತಿಗಳ ವಿಷಯದಲ್ಲಿ ನಿಧಾನಗತಿಯವರ ತಕರಾರನ್ನು ಒಪ್ಪಿದೆ.

ಮೇಡಂ, ಮಾರ್ಚ್, ಏಪ್ರಿಲ್‌ನಲ್ಲಿ ಸದ್ದು ಜೋರಾಗಿತ್ತು ಎಂಬ ನಿಮ್ಮ ಮಾತು ಸಂಗೀತಕ್ಕಿಂತ ಮನೆಯ ಸುರಕ್ಷತೆಗೆ ಸಂಬಂಧಿಸಿದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅರ್ಥ್ ಗುಂಡಿಯ ಸುತ್ತಲಿನ ಮಣ್ಣು ತೇವವಾಗಿದ್ದಾಗ ಕರೆಂಟನ್ನು ಸುಲಭವಾಗಿ ಭೂಮಿಗೆ ಒಯ್ಯುತ್ತದೆ, ಬೇಸಿಗೆಯಲ್ಲಿ ಒಣಗಿದಾಗ ಅದರ ತಡೆ ಬಹಳ ಏರುತ್ತದೆ. ಹಳೆಯ ಮನೆಗಳಲ್ಲಿ ಗುಂಡಿಯ ಉಪ್ಪು ಕರಗಿಹೋಗಿ, ಪೈಪಿನ ತಲೆಯ ಬೋಲ್ಟು ತುಕ್ಕು ಹಿಡಿದು ಸಂಪರ್ಕವೇ ಕಡಿದಿರುವುದೂ ಉಂಟು. ಅಡಾಪ್ಟರುಗಳಿಂದ ಸೋರುವ ಕರೆಂಟಿಗೆ ಭೂಮಿಯ ದಾರಿ ಸಿಗದಿದ್ದಾಗ ಅದು ನಿಮ್ಮ ಕೇಬಲ್ಲಿನ ಜಾಲರಿಯನ್ನು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಲೋಹದ ಭಾಗವನ್ನು ಸವರಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವ ಆಗಿದ್ದರೆ ಅದೂ ಇದರದೇ ಗುರುತು. ಎರಡು ಪಿನ್ನಿನ ಚಾರ್ಜರುಗಳಲ್ಲಿ ಅರ್ಥ್ ಚೆನ್ನಾಗಿದ್ದರೂ ಅಷ್ಟು ಜುಮ್ಮೆನ್ನುವುದುಂಟು, ಅದು ಬೇರೆ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥ್ ಟೆಸ್ಟರಿನಲ್ಲಿ ಅಳೆಸಿ. ಬರಿಯ ಟೆಸ್ಟರ್ ಸ್ಕ್ರೂಡ್ರೈವರ್ ಇಟ್ಟು ಸರಿಯಿದೆ ಎಂದು ಹೇಳಿ ಹೋಗಲು ಬಿಡಬೇಡಿ. ಈಗ ಮಳೆಯಲ್ಲಿ ಅಳೆದರೆ ಕೆಟ್ಟ ಗುಂಡಿಯೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಆದ್ದರಿಂದ ಬೋಲ್ಟು ಮತ್ತು ವೈರಿನ ಸಂಪರ್ಕವನ್ನು ಈಗಲೇ ನೋಡಿಸಿ, ಅಳತೆಯನ್ನು ಮಾರ್ಚಿನಲ್ಲಿ ಮತ್ತೊಮ್ಮೆ ಮಾಡಿಸಿ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು) ಮನೆಯ ಬೋರ್ಡಿನಲ್ಲಿ ಇಲ್ಲದಿದ್ದರೆ ಅದನ್ನು ಇದೇ ಸಲ ಹಾಕಿಸಿಬಿಡಿ. ಮಕ್ಕಳು ಬಂದು ಹೋಗುವ, ಕೈಯಲ್ಲಿ ಮೈಕು ಹಿಡಿಯುವ ಮನೆ ಅದು.